ಬಿಸಿಲಿನ ಪಕ್ಕದ ಮಾತು

ಲಿಂಗಸುಗೂರಿಗೆ ಹೋಗಿಬರುತ್ತೇನೆಂದು ಹೇಳಿ ಹೊರಟ ಮನುಷ್ಯ ತನ್ನದೇ ಮನೆಯ ಮುಂದಿನ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು, ಕೆಮ್ಮು ಬಂದರೆ ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ತುರುಕಿಕೊಳ್ಳುತ್ತ ಕೂತಿದ್ದಾನೆಂದರೆ ಅವನು ಕಳ್ಳನಾಗಿರಬೇಕು, ಇಲ್ಲವೇ ಹುಚ್ಚನಾಗಿರಬೇಕು. ಮೈಲಾರಲಿಂಗಪ್ಪ ಎರಡೂ ಅಲ್ಲ. ಮಸ್ಕಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮಾಸ್ತರ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಲಿಂಗಸುಗೂರಿನ ಬಸ್ಸು ಧೂಳೆಬ್ಬಿಸಿಕೊಂಡು ಹೋಗುವುದನ್ನು ನೋಡಿ, ಗುಡ್ಡದ ಕೆಳಗಿನ ಓಣಿಯಿಂದ ತಿರುಗಿ ಬಂದು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊಸ್ತಿಲು ದಾಟಿದ್ದ. ಹಿತ್ತಲಲ್ಲಿ ಹೆಂಡತಿ ಗಿರಿಯಮ್ಮ ಪಾತ್ರೆ ತಿಕ್ಕುತ್ತಿದ್ದಳು. ಮೋಟುಗೋಡೆಯ ಆಚೆ ಟೇಲರ್ ಬುಡ್ಡೇಸಾಬನ ಹೆಂಡತಿ ಮಕ್ತುಂಬೀ ಅಕ್ಕಿ ಹಸನು ಮಾಡುತ್ತಿರಬೇಕು, ಮೊರದ ಸಪ್ಪಳ ಬರುತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಒಂದು ವಾಕ್ಯ. ಹೆಂಡತಿಯ ಬಾಯಿಂದ ತಾನಾಗಿ ಬಂದ, ತನ್ನ ಬಗ್ಗೆ ಆಡಿದ, ಬಿಸಿಲಿನ ಬಗ್ಗೆ ಆಡಲು ಬಾರದ ಒಂದೇ ಒಂದು ವಾಕ್ಯ. ಸಂಜೆಯೊಳಗೆ ಅದು ಸಿಗದಿದ್ದರೆ, ತಾನೂ ಬಿಸಿಲೂ ಹೆಚ್ಚುಕಡಿಮೆ ಒಂದೇ ಎಂದು ಅವನು ಕೈಯಾರೆ ಸಹಿ ಮಾಡಿ ಕೊಡಬೇಕಾಗಿತ್ತು.

ಇದೆಲ್ಲ ಶುರುವಾದದ್ದು ಡಾಕ್ಟರ್ ವೆಂಕೋಬರಾಯರಿಂದ. ರೋಗದ ಡಾಕ್ಟರಲ್ಲ, ಮಾತಿನ ಡಾಕ್ಟರು. ಹೋದ ವರ್ಷ ಹೈದರಾಬಾದಿನಿಂದ ಬಂದು ಸಿಂಧನೂರಿನ ಪ್ರವಾಸಿ ಬಂಗಲೆಯಲ್ಲಿ ಇಳಿದು, ಸುತ್ತಲಿನ ಊರುಗಳ ಕನ್ನಡ ಮಾಸ್ತರರನ್ನೆಲ್ಲ ಕೂಡಿಸಿ, ಅವರು ಒಂದು ಹೊಸ ವೇದಾಂತ ಹೇಳಿದರು. ಶಬ್ದದ ಅರ್ಥ ಶಬ್ದದೊಳಗೆ ಇರುವುದಿಲ್ಲವಂತೆ, ಅದರ ನೆರೆಹೊರೆಯಲ್ಲಿ ಇರುತ್ತದಂತೆ. ಯಾವ ಎರಡು ಶಬ್ದಗಳು ಒಂದೇ ತೆರನ ನೆರೆಯವರ ನಡುವೆ ಬಾಳುತ್ತವೆಯೋ ಅವುಗಳ ಅರ್ಥ ಹತ್ತಿರವಂತೆ. ಜನ ಆಡಿದ ವಾಕ್ಯಗಳನ್ನು ತೂತು ಹೊಡೆದ ಕಾರ್ಡುಗಳ ಮೇಲೆ ಏರಿಸಿ ತಿನ್ನಿಸಿದರೆ ಕಂಪ್ಯೂಟರು ಎಂಬ ಯಂತ್ರ ಎಲ್ಲವನ್ನೂ ಎಣಿಸಿ, ಯಾವ ಮಾತಿಗೆ ಯಾವುದು ಸಮಾನ ಎಂದು ತಾನೇ ಹೇಳುತ್ತದಂತೆ. ಮೈಲಾರಲಿಂಗಪ್ಪ ಹಿಂದಿನ ಸಾಲಿನಲ್ಲಿ ಕೂತು ತುಟಿ ಕೊಂಕಿಸಿದ. ರವಿ, ನೇಸರು, ದಿನಕರ, ಭಾಸ್ಕರ ಎಂದು ಅವನ ಹುಡುಗರು ಬೆತ್ತದ ಭಯಕ್ಕಾದರೂ ಒಂದೇ ಉಸಿರಿಗೆ ಒದರುತ್ತಾರೆ. ಹಿಂದಿನವರು ತಲೆಯಲ್ಲಿ ಇಟ್ಟುಕೊಂಡಿದ್ದನ್ನು ಹುಡುಕಲು ಈ ಜನಕ್ಕೆ ಒಂದು ಕೋಣೆ ತುಂಬುವಷ್ಟು ದೊಡ್ಡ ಯಂತ್ರ ಬೇಕು, ಆ ಯಂತ್ರ ಬೆವರದಂತೆ ಅದಕ್ಕೆ ತಂಪುಗಾಳಿ ಬೇಕು. ಮಸ್ಕಿಯ ಶಾಲೆಯಲ್ಲಿ ಮಕ್ಕಳಿಗೆ ಕುಡಿಯಲು ಒಂದು ತಣ್ಣನೆಯ ಕೊಡ ನೀರಿಲ್ಲ. ಹೀಗೆಲ್ಲ ಹೀಗಳೆದವನು, ಕೆಲಸ ಮಾಡಿಕೊಟ್ಟವರ ಹೆಸರು ಪುಸ್ತಕದಲ್ಲಿ ಅಚ್ಚಾಗುತ್ತದೆ ಎಂದು ಡಾಕ್ಟರು ಅಂದ ಕೂಡಲೇ ಎಲ್ಲರಿಗಿಂತ ಮೊದಲು ಎದ್ದುನಿಂತಿದ್ದ. ಅಚ್ಚಿನಲ್ಲಿ ತನ್ನ ಹೆಸರು ಹೇಗೆ ಕಾಣುತ್ತದೆ ಎಂದು ತಿರುಗಿ ಬರುವಾಗ ಬಸ್ಸಿನ ಧೂಳು ಹಿಡಿದ ಕಿಟಕಿಯ ಮೇಲೆ ಬೆರಳಿನಿಂದ ಬರೆದೂ ನೋಡಿದ್ದ. ಉದ್ದ ಹೆಸರು, ಒಂದು ಸಾಲಿನಲ್ಲಿ ಹಿಡಿಸಲಿಲ್ಲ.

ಜನ ತಮ್ಮಷ್ಟಕ್ಕೆ ತಾವು ಆಡಿದ ಮಾತು ಬೇಕು, ಕೇಳಿ ಆಡಿಸಿದ್ದು ಬೇಡ ಎಂಬುದು ನಿಯಮ. ಉಳಿದ ಮಾಸ್ತರರು ಗೌಡರ ಕಟ್ಟೆ, ಚಹಾದಂಗಡಿ, ಒಕ್ಕುವ ಕಣ ಎಂದು ತಿರುಗಿದರು. ಪರರ ಕಟ್ಟೆಯಲ್ಲಿ ಕೂತು ಮಾತು ತಿರಿದುಕೊಳ್ಳುವುದು ಮೈಲಾರಲಿಂಗಪ್ಪನ ಘನತೆಗೆ ಸರಿಬರಲಿಲ್ಲ. ಅವನು ಈ ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ಕೂತು, ಹಿತ್ತಲಲ್ಲಿ ಹೆಂಡತಿ ಮಕ್ತುಂಬೀಯೊಂದಿಗೆ ಆಡಿದ್ದನ್ನೆಲ್ಲ ಬರೆದುಕೊಂಡ. ‘ಕಾಲೇಜಿನವರ ಬರಿಯೂದು ಐತಿ, ಗದ್ಲ ಮಾಡಬ್ಯಾಡ’ ಎಂದು ಹೇಳಿ ಬಾಗಿಲು ತೆರೆದಿಟ್ಟುಕೊಂಡ. ತಿಂಗಳುಗಟ್ಟಲೆ ಬರೆದ. ಯಂತ್ರಕ್ಕೆ ಕೊಡುವ ಮೊದಲು ಪ್ರತಿ ಶಬ್ದದ ಬಾಲ ಕತ್ತರಿಸಬೇಕಾಗಿತ್ತು. ಬಂದರು, ಬಂದಳು, ಬಂತು, ಬರಲಿ ಎಲ್ಲವೂ ಒಂದೇ ‘ಬರು’. ಕನ್ನಡದಲ್ಲಿ ಮರ್ಯಾದೆ ಇರುವುದೇ ಬಾಲದಲ್ಲಿ. ಅದನ್ನು ಅವನು ತನ್ನ ಕೈಯಾರೆ, ಕೆಂಪು ಶಾಯಿಯಲ್ಲಿ, ಸಾಲುಸಾಲಾಗಿ ಕೊಯ್ದು ಹಾಕಿದ. ಆಗ ಅವನಿಗೆ ಏನೂ ಅನ್ನಿಸಲಿಲ್ಲ. ಇನ್ನೊಂದು ವಿಷಯವೂ ಇತ್ತು. ಗಿರಿಯಮ್ಮ ಮದುವೆಯಾದ ದಿನದಿಂದ ಗಂಡನ ಹೆಸರು ಬಾಯಿಗೆ ತಂದವಳಲ್ಲ, ಆ ಭಾಗದ ಯಾವ ಹೆಂಗಸೂ ತರುವುದಿಲ್ಲ. ಉಳಿದವರನ್ನೆಲ್ಲ ಹೆಸರು ಹಿಡಿದೋ, ಆತ ಆಕಿ ಎಂದೋ ಅನ್ನುವಳು. ‘ಅವರು’ ಎಂದರೆ ಅವಳ ಬಾಯಲ್ಲಿ ಒಬ್ಬನೇ. ಇದನ್ನು ಕೇಳಿ ಡಾಕ್ಟರು ಕುಣಿದಾಡಿದ್ದರು. ಇಷ್ಟು ನಿರ್ಮಲವಾದ ಶಬ್ದ ಯಂತ್ರಕ್ಕೆ ಎಲ್ಲಿಯೂ ಸಿಕ್ಕಿಲ್ಲ, ನಿಮ್ಮ ಮನೆಯವರಿಗೆ ನಮಸ್ಕಾರ ಹೇಳಿ ಅಂದಿದ್ದರು. ಅವನು ಹೇಳಿರಲಿಲ್ಲ.

ಯಂತ್ರದ ಉತ್ತರ ಬಂದದ್ದು ಈ ಏಪ್ರಿಲ್ಲಿನಲ್ಲಿ. ಪಂಚೆಯ ಹಾಗೆ ಮಡಿಸಿದ ಉದ್ದನೆಯ ಕಾಗದ. ಕನ್ನಡದ ಬಗ್ಗೆ ಹೇಳುವ ಯಂತ್ರಕ್ಕೆ ಕನ್ನಡದ ಒಂದು ಅಕ್ಷರವೂ ಬಾರದು, ಎಲ್ಲ ಇಂಗ್ಲಿಷಿನ ದಪ್ಪಕ್ಷರ. ಮೈಲಾರಲಿಂಗಪ್ಪನಿಗೆ ಹಬ್ಬವಾಯಿತು. ಕಾಗದವನ್ನು ಶಾಲೆಗೆ ಒಯ್ದು, ಮಾಸ್ತರರ ಕೋಣೆಯಲ್ಲಿ ಗಟ್ಟಿಯಾಗಿ ಓದಿದ. ಯಂತ್ರ ‘ಅಕ್ಕಿ’ಯ ಪಕ್ಕದಲ್ಲಿ ‘ಮರ್ಯಾದೆ’ಯನ್ನು ಇಟ್ಟಿತ್ತು, ಕಾಲುವೆ ಬಂದ ಮೇಲೆ ಬಂತು, ಅವರ ಮನೆಯಲ್ಲಿ ಇದೆ, ನಮ್ಮ ಮನೆಯಲ್ಲಿ ಇಲ್ಲ ಎಂದು ಎರಡರ ಬಗ್ಗೆಯೂ ಜನ ಆಡುತ್ತಾರಂತೆ. ‘ಕಾಲುವೆ’ಯ ಪಕ್ಕದಲ್ಲಿ ‘ಅಳಿಯ’ನನ್ನು ಕೂಡಿಸಿತ್ತು; ಬರುತ್ತದೆ ಬರುತ್ತದೆ ಎಂದು ಹಾದಿ ಕಾಯುವುದು, ಬಂದ ಮೇಲೆ ಬೈಯುವುದು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಇದಕ್ಕೆ ಸರ್ಕಾರ ಹಣ ಸುರಿಯುತ್ತದಲ್ಲ, ನಮ್ಮ ಎತ್ತಿಗೆ ಹೇಳಿಕೊಟ್ಟಿದ್ದರೆ ಇದಕ್ಕಿಂತ ಚೆನ್ನಾಗಿ ಹೇಳುತ್ತಿತ್ತು ಎಂದು ಅವನೂ ನಕ್ಕ. ಆಗ ಅವನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದ ಡ್ರಿಲ್ ಮಾಸ್ತರ ಶೇಕ್ಷಾವಲಿ ಒಂದು ಸಾಲಿನ ಮೇಲೆ ಬೆರಳಿಟ್ಟ. ‘ಅವರು’ ಎಂಬುದರ ಎದುರಿಗೆ, ಎಲ್ಲಕ್ಕಿಂತ ಹತ್ತಿರದ ಮಾತು, ‘ಬಿಸಿಲು’.

‘ಸರ, ನಿಮ್ಮ ಮನ್ಯಾಗ ಅವರಂದ್ರ ನೀವ ಅಲ್ರೀ?’ ಎಂದು ಶೇಕ್ಷಾವಲಿ ಕೇಳಿದ. ಕೇಳಿದವನ ಮುಖದಲ್ಲಿ ಕೇಡು ಇರಲಿಲ್ಲ, ಅದೇ ಹೆಚ್ಚು ಉರಿಯಿತು. ಆ ವಾರ ಮುಗಿಯುವುದರೊಳಗೆ ಹುಡುಗರಿಗೂ ಗೊತ್ತಾಯಿತು. ಅವನು ತರಗತಿಗೆ ಬರುವಾಗ ಯಾವನೋ ಒಬ್ಬ ಅಂಗೈಯನ್ನು ಹಣೆಗೆ ಹಿಡಿದು ಮೇಲೆ ನೋಡುತ್ತಿದ್ದ, ಉಳಿದವರು ಪುಸ್ತಕದಲ್ಲಿ ಮುಖ ಹುಗಿಯುತ್ತಿದ್ದರು. ಬಿಸಿಲು ಮಾಸ್ತರ. ಕಾಗದವನ್ನು ಹಿಡಿದುಕೊಂಡು ಸಿಂಧನೂರಿಗೆ ಓಡಿದಾಗ ವೆಂಕೋಬರಾಯರು ನಗಲಿಲ್ಲ, ಕನ್ನಡಕ ಒರೆಸಿಕೊಂಡು ಕಾರ್ಡುಗಳನ್ನು ತೆಗೆದು ತೋರಿಸಿದರು. ಅವನದೇ ಅಕ್ಷರ. ಅವರು ಹಿತ್ತಲಕ್ಕ ಬರೂದ್ರಾಗ ಕೆಲಸ ಮುಗಸಬೇಕು. ಬಿಸಿಲು ಹಿತ್ತಲಕ್ಕ ಬರೂದ್ರಾಗ ಕೆಲಸ ಮುಗಸಬೇಕು. ಅವರು ಹೋಗ್ಲಿ, ಆಮ್ಯಾಲ ಕುಂತು ಮಾತಾಡೂಣು; ಬಿಸಿಲು ಹೋಗ್ಲಿ, ಆಮ್ಯಾಲ ಕುಂತು ಮಾತಾಡೂಣು. ಅವರ ಮುಂದ ನಿಂದರಾಕ ಆಗಂಗಿಲ್ಲ. ಬಿಸಿಲ ಮುಂದ ನಿಂದರಾಕ ಆಗಂಗಿಲ್ಲ. ‘ಯಂತ್ರಕ್ಕೆ ನಿಮ್ಮ ಮೇಲೆ ಹಗೆ ಇಲ್ಲ ಮಾಸ್ತರೇ. ನೀವು ಕೊಟ್ಟದ್ದನ್ನೇ ಅದು ಎಣಿಸಿದೆ. ತಪ್ಪು ಎನ್ನುತ್ತೀರಾ? ಆಧಾರ ತನ್ನಿ. ಬಿಸಿಲಿಗೆ ಕೂಡದ, ನಿಮಗೆ ಮಾತ್ರ ಕೂಡುವ ಒಂದು ವಾಕ್ಯ. ನಿಮ್ಮ ಮನೆಯವರ ಬಾಯಿಂದಲೇ ಬರಬೇಕು. ಉಂಡರು, ಮಲಗಿದರು ಎಂಬುದೆಲ್ಲ ಬೇಡ, ಅದನ್ನು ಎಮ್ಮೆಗೂ ಹೇಳಬಹುದು. ಆಗ ಯಂತ್ರ ನಿಮ್ಮನ್ನು ಬಿಸಿಲಿನ ಪಕ್ಕದಿಂದ ಎಬ್ಬಿಸಿ ಎಮ್ಮೆಯ ಪಕ್ಕಕ್ಕೆ ಕೂಡಿಸುತ್ತದೆ. ಭಾನುವಾರ ಸಂಜೆ ನಾನು ಹೊರಡುತ್ತೇನೆ. ಅಷ್ಟರೊಳಗೆ ತಂದರೆ ಆ ಸಾಲನ್ನು ಹೊಡೆದುಹಾಕೋಣ, ಇಲ್ಲದಿದ್ದರೆ ಸರಿ ಎಂದು ಸಹಿ ಹಾಕಿಬಿಡಿ. ಪುಸ್ತಕಕ್ಕೆ ಹೋಗುತ್ತದೆ.’

ಆ ವಾರ ಅವನು ಹೆಂಡತಿಯ ಒಂದೊಂದು ಮಾತನ್ನೂ ಚಿನಿವಾಲನ ಹಾಗೆ ಉಜ್ಜಿ ನೋಡಿದ. ‘ಇಷ್ಟ ಲಗೂನ ಬಂದ್ರಿ?’ ಬಿಸಿಲಿಗೂ ಅನ್ನಬಹುದು. ‘ಇವತ್ತ ಭಾಳ ಸಿಟ್ಟಾಗ್ಯಾರ’ ಎಂದು ಮಗಳಿಗೆ ಪಿಸುಗುಟ್ಟಿದಳು. ವೈಶಾಖದಲ್ಲಿ ಮೇಲೆ ನೋಡಿ ಮಕ್ತುಂಬೀ ಇದನ್ನೇ ಅಂದದ್ದನ್ನು ಅವನು ಕೇಳಿದ್ದ. ಒಂದು ದಿನ ಊಟಕ್ಕೆ ಕೂತಾಗ ತಡೆಯಲಾರದೆ, ನಿಯಮ ಹಾಳಾಗಿ ಹೋಗಲೆಂದು, ‘ನಾ ನಿನಗ ಏನಾಗಬೇಕು?’ ಎಂದು ಕೇಳಿಯೇಬಿಟ್ಟ. ರೊಟ್ಟಿ ಹಾಕುತ್ತಿದ್ದ ಕೈ ನಿಂತಿತು. ‘ಏನ್ ಕೇಳ್ತೀರಿ, ಉಣ್ರಿ’ ಎಂದು ಅವಳು ತಲೆ ತಗ್ಗಿಸಿದಳು. ತಲೆ ತಗ್ಗಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಮಗಳನ್ನು ರಜೆಗೆಂದು ತುರ್ವಿಹಾಳದ ಅಜ್ಜಿಯ ಮನೆಗೆ ಕಳಿಸಿ ಬಂದ ಮೇಲಂತೂ ಮನೆಯಲ್ಲಿ ಮಾತೇ ಕಡಿಮೆಯಾಯಿತು. ಹೀಗಾಗಿ ಇವತ್ತು, ಭಾನುವಾರ, ಈ ಕಳ್ಳತನ. ತಾನು ಮನೆಯಲ್ಲಿ ಇದ್ದಾಗ ಅವಳು ಆಡಿದ್ದನ್ನಷ್ಟೇ ಇಷ್ಟು ದಿನ ಬರೆದುಕೊಂಡಿದ್ದೆ, ತಾನು ಇಲ್ಲದಾಗ ಏನು ಆಡುತ್ತಾಳೆಂಬುದು ಒಂದು ಕಾರ್ಡಿನಲ್ಲೂ ಇಲ್ಲ ಎಂಬುದು ಅವನಿಗೆ ಹೊಳೆದದ್ದು ನಿನ್ನೆ. ಪಂಡಿತರ ಬುದ್ಧಿ ಯಾವಾಗಲೂ ಹೊತ್ತು ಮುಳುಗುವಾಗಲೇ ಹೊಳೆಯುತ್ತದೆ.

ಮಣ್ಣಿನ ಮಾಳಿಗೆ ಕಾದು ಕೋಣೆಯೊಳಗೆ ಗಾಳಿ ನಿಂತುಹೋಗಿತ್ತು. ಬಾಯಿ ಒಣಗಿತ್ತು, ನೀರಿನ ಗಡಿಗೆ ಅಡಿಗೆಮನೆಯಲ್ಲಿ, ಅಲ್ಲಿಗೆ ಹೋದರೆ ಹಿತ್ತಲಿಗೆ ಕಾಣುತ್ತದೆ. ಒಂದು ಇರುವೆ ಪಾದದ ಮೇಲೆ ಹತ್ತಿ ಇಳಿದು ಮತ್ತೆ ಹತ್ತಿತು, ಅದಕ್ಕೂ ಯಾರೋ ವಾಕ್ಯ ತರಲು ಹೇಳಿರಬೇಕು. ಹಿತ್ತಲಲ್ಲಿ ಉಪ್ಪಿನಕಾಯಿಯ ಮಾತು, ಯಾರದೋ ಮನೆಯ ಬಾಣಂತನದ ಮಾತು. ಮಕ್ತುಂಬೀ ಹಸನು ಮಾಡುತ್ತಿದ್ದ ಅಕ್ಕಿಯ ಸಪ್ಪಳ ಅವನಿಗೆ ಹಿಡಿಸಲಿಲ್ಲ. ಅದು ಗಿರಿಯಮ್ಮನ ತವರಿನ ಅಕ್ಕಿ, ಮಗಳನ್ನು ಬಿಡಲು ಹೋದಾಗ ಮಾವ ಚೀಲ ತುಂಬಿ ಕಳಿಸಿದ್ದು, ಅರ್ಧ ಪಕ್ಕದ ಮನೆಗೆ ಹೋಗಿದೆ. ಗುರುಗುಂಟಾದಲ್ಲಿ ಅವನ ಅಪ್ಪ ಕುರಿ ಕಾಯುತ್ತಿದ್ದ; ಅಕ್ಕಿ ಎಂಬುದು ಯುಗಾದಿಗೆ ಒಂದು ಸೇರು, ಅದನ್ನು ಅವ್ವ ಬಟ್ಟೆಯಲ್ಲಿ ಕಟ್ಟಿ ನೆಲುವಿನ ಮೇಲೆ ಇಡುತ್ತಿದ್ದಳು. ಮದುವೆಯ ಹೊತ್ತಿಗೆ ತುರ್ವಿಹಾಳದವರೂ ಅಂಥವರೇ, ಸಜ್ಜೆ ರೊಟ್ಟಿ ತಿಂದವರೇ. ಮಾವ ಎದುರಿಗೆ ಬಂದು ಕೈ ಹಿಡಿದು ‘ಮಾಸ್ತರ ಅಳಿಯಾ ಸಿಕ್ಕಾನ’ ಎಂದು ಊರಿಗೆಲ್ಲ ತೋರಿಸಿದ್ದ. ಆಮೇಲೆ ಅವರ ಹೊಲಗಳಿಗೆ ಕಾಲುವೆ ಬಂತು. ಮಾವ ಗದ್ದೆಯ ಧಣಿಯಾದ, ಆಂಧ್ರದ ಕಡೆಯಿಂದ ಬಂದವರೊಂದಿಗೆ ತೆಲುಗಿನಲ್ಲಿ ಲೆಕ್ಕ ಮಾತಾಡಲು ಕಲಿತ. ಕಲಿತದ್ದನ್ನು ಅಳಿಯನ ಎದುರಿಗೇ ಆಡಿ ತೋರಿಸುತ್ತಿದ್ದ. ಒಮ್ಮೆ, ಮಳೆಗಾಲದಲ್ಲಿ, ಆ ಮನೆಯ ಅನ್ನ ತಾಟಿಗೆ ಬಿದ್ದದ್ದನ್ನು ನೋಡಿ ಅವನು ತಾಟು ಎತ್ತಿ ಬೀಸಿದ್ದ. ‘ನಿಮ್ಮಪ್ಪನ ಗಂಜಿ ನಿಮ್ಮಪ್ಪನ ಮನಿಗಿ ಕಳಿಸು!’ ಅನ್ನ ಗೋಡೆಗೆ ಹೋಗಿ ಅಂಟಿತ್ತು. ಗಿರಿಯಮ್ಮ ಕೆಳಗೆ ಕೂತು ಅಗುಳನ್ನೆಲ್ಲ ಆರಿಸಿ ತೆಗೆದಿದ್ದಳು, ತಲೆ ಎತ್ತಿರಲಿಲ್ಲ. ತನಗೆ ಆ ಹೊತ್ತು ನಾಚಿಕೆಯಾದದ್ದು ನಿಜ. ಆದರೆ ಅವಳು ಹೆದರಿ ಕೂತದ್ದನ್ನು ನೋಡಿ ಎಲ್ಲೋ ಒಂದು ಕಡೆ ಎದೆ ಅಗಲವಾದದ್ದೂ ನಿಜ. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

‘ಇವತ್ತರ ಮನಿ ತಣ್ಣಗೈತಿ ನೋಡು’ ಎಂದು ಗೋಡೆಯಾಚೆಯಿಂದ ಮಕ್ತುಂಬೀ ಅಂದಳು. ‘ಮಾಸ್ತರ್ರು ಊರಾಗಿಲ್ಲೇನು?’

‘ಲಿಂಗಸೂರಿಗಿ ಹೋಗ್ಯಾರ, ಸಂಜಿಗಿ ಬರ್ತಾರ.’

ಬಿಸಿಲು ಲಿಂಗಸುಗೂರಿಗೆ ಹೋಗುವುದಿಲ್ಲ! ಅವನು ಪೆನ್ಸಿಲ್ಲು ಎತ್ತಿದ, ಮತ್ತೆ ಇಳಿಸಿದ. ಬಸ್ಸು ಹೋಗುತ್ತದೆ, ಸಂಜೆಗೆ ಬರುತ್ತದೆ; ಯಂತ್ರ ಅವನನ್ನು ಬಸ್ಸಿನ ಪಕ್ಕಕ್ಕೆ ಕೂಡಿಸೀತು.

‘ಅಲ್ಲ ಗಿರಿಯವ್ವ, ಖರೇನ ಹೇಳು. ದಿನಾ ಅಷ್ಟ್ ಒದರ್ತಾರ, ನೀ ಹೆಂಗರ ಇರ್ತಿ? ನಮ್ಮ ಮನಿಯವ್ರು ಒಂದ್ ಒದರಿದ್ರ ನಾ ಎರಡು ಒದರಿ ಬಿಡ್ತೀನಿ, ಅಲ್ಲಿಗಲ್ಲಿಗಿ ಬರೋಬರಿ. ಮಗಳೂ ಅಲ್ಲೇ ಐತಿ, ನೀನೂ ತುರ್ವಿಹಾಳಕ್ಕ ಹೋಗಿ ಬ್ಯಾಸಗಿ ಕಳದು ಬಾ. ಕಾಲುವಿ ಐತಿ, ನೆರಳೈತಿ, ನಿಮ್ಮವ್ವ ಅದಾಳ. ಯಾಕಷ್ಟ್ ಹೆದರ್ತಿ ಅವರಿಗಿ?’

ಪಾತ್ರೆಯ ಸಪ್ಪಳ ನಿಂತಿತು. ಆಮೇಲೆ ಗಿರಿಯಮ್ಮ ನಕ್ಕಳು. ಆ ನಗೆಯನ್ನು ಅವನು ಈ ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಯಾರೋ ಬೇರೆ ಹೆಂಗಸು ಹಿತ್ತಲಿಗೆ ಬಂದಿರಬೇಕೆಂದು ಒಂದು ಕ್ಷಣ ಅನ್ನಿಸಿತು.

‘ಹೆದರೂದಾ? ಅವರಿಗೇನ್ ಹೆದರೂದು ಬಿಡಕ್ಕಾ.’

‘ಮತ್ತ ಚಪ್ಪಲಿ ಸಪ್ಪಳ ಕೇಳಿದ್ರ ಓಡ್ತಿ?’

‘ಓಡಿದಂಗ ಮಾಡ್ತೀನಿ.’ ಬೂದಿ ಹಾಕಿ ತಿಕ್ಕುವ ಸಪ್ಪಳ ಮತ್ತೆ ಶುರುವಾಯಿತು, ಮಾತು ಅದರೊಳಗಿಂದ ಬರುತ್ತಿತ್ತು. ‘ಪಾಪ, ಅವರಿಗಿ ಯಾರ್ ಹೆದರ್ತಾರ ಹೇಳು? ಸಾಲ್ಯಾಗ ಹುಡುಗ್ರು ಹಿಂದ ನಗ್ತಾವ, ನಿನ್ನ ಮಗನ ಹೇಳ್ಯಾನ ನನಗ. ಜೋಡಿಗಿ ಕಲಸೂ ಮಾಸ್ತರ್ರು ಮುಂದ ನಗ್ತಾರ. ಗದ್ದಿ ಆದ ಮ್ಯಾಲ ನಮ್ಮಪ್ಪನ ಮನ್ಯಾಗ ಅವರಿಗಿ ಒಬ್ಬರೂ ಕೂಡ್ರಿ ಅನ್ನಂಗಿಲ್ಲ, ನಿಂತ ಬರ್ತಾರ. ಎಲ್ಲಾ ತಿಳೀತೈತಿ ಅವರಿಗಿ, ಬಾಯಿ ಬಿಟ್ಟು ಹೇಳಂಗಿಲ್ಲ. ಮನಷ್ಯಾ ಅಂದ ಮ್ಯಾಲ ಒಬ್ಬರರ ಹೆದರಬೇಕಲ್ಲಕ್ಕಾ. ಇಲ್ಲಂದ್ರ ಆ ಜೀವಾ ಎಲ್ಲಿ ನಿಂದ್ರಬೇಕು? ನಾ ಊರಿಗಿ ಹೋದ್ರ ಖಾಲಿ ಮನ್ಯಾಗ ಯಾರ ಮುಂದ ಒದರ್ತಾರ?’

‘ನಿನ್ನಂಥಾಕಿನ್ನ ಎಲ್ಲೂ ನೋಡಿಲ್ಲವ್ವ’ ಎಂದಳು ಮಕ್ತುಂಬೀ. ಆಮೇಲೆ ಮಾತು ಮತ್ತೆ ಉಪ್ಪಿನಕಾಯಿಗೆ ಹೋಯಿತು.

ಮೈಲಾರಲಿಂಗಪ್ಪನ ತಲೆ, ಅಭ್ಯಾಸಬಲದಿಂದ, ಮೊದಲು ತನ್ನ ಕೆಲಸ ಮಾಡಿತು. ಪಾಪ, ಬಿಸಿಲಿಗೆ ಯಾರು ಹೆದರುತ್ತಾರೆ ಹೇಳು? ಕೂಡಲಿಲ್ಲ. ರಾಯಚೂರು ಸೀಮೆಯಲ್ಲಿ ಹುಟ್ಟಿದ ಯಾವ ಜೀವಿಯ ಬಾಯಿಂದಲೂ ಆ ಮಾತು ಬರಲಾರದು. ಎಮ್ಮೆಗೆ ಕೂಡಲಿಲ್ಲ, ಬಸ್ಸಿಗೆ ಕೂಡಲಿಲ್ಲ, ಗೌಡನಿಗೆ, ಕಾಲುವೆಗೆ, ಅಳಿಯನಿಗೆ, ಭೂಮಿಯ ಮೇಲಿನ ಯಾವುದಕ್ಕೂ ಕೂಡಲಿಲ್ಲ. ಅವನ ಮೈಗೆ ಅಳತೆ ತೆಗೆದು ಹೊಲಿದ ಹಾಗಿತ್ತು. ಸಿಕ್ಕಿತು. ಯಂತ್ರ ಸೋತಿತು, ತಂಪುಗಾಳಿಯಲ್ಲಿ ಕೂತ ಆ ಕಬ್ಬಿಣದ ಪಂಡಿತ, ಅದರ ಬಾಲ ಹಿಡಿದ ವೆಂಕೋಬರಾಯ, ಬೆರಳಿಟ್ಟು ತೋರಿಸಿದ ಶೇಕ್ಷಾವಲಿ, ಎಲ್ಲರೂ ಸೋತರು. ಗೆದ್ದವನು ಮಾತ್ರ ಗೋಡೆಗೆ ಒರಗಿ ಕೂತು, ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ತೊಡೆಯ ಮೇಲೆ, ಒಮ್ಮೆ ನೆಲದ ಮೇಲೆ ಇಟ್ಟು ನೋಡುತ್ತಿದ್ದ. ಕೆಳಗೆ ಕೂತು ಅನ್ನದ ಅಗುಳು ಆರಿಸಿದಾಗ ಅವಳು ತಲೆ ಎತ್ತದೆ ಇದ್ದದ್ದು ಯಾಕೆ? ಹೆದರಿಕೆ ಅಲ್ಲದಿದ್ದರೆ ಆ ಮುಖದಲ್ಲಿ ಏನಿತ್ತು? ಮಗು ತೊಟ್ಟಿಲಿನಿಂದ ಆಟದ ಸಾಮಾನು ಎಸೆದಾಗ ತಾಯಿ ಬಗ್ಗಿ ಎತ್ತುವಾಗ ಇರುತ್ತದಲ್ಲ, ಅದೇನಾದರೂ ಇತ್ತೇ? ಎಷ್ಟು ವರ್ಷ? ಮದುವೆಯಾದಾಗಿನಿಂದಲೇ? ಅಥವಾ ಕಾಲುವೆ ಬಂದ ಮೇಲೆ? ಚೆನ್ನಾಗಿ ಸುಟ್ಟೆ ಎಂದುಕೊಂಡು ತಾನು ದಿನವೂ ಎದ್ದು ಉರಿದದ್ದೆಲ್ಲ ಬಿಸಿಲಾದದ್ದು ಅವಳು ಉಪಚಾರಕ್ಕೆ ಕೊಡೆ ಬಿಚ್ಚಿ ತೋರಿಸಿದ್ದರಿಂದಲೇ. ಅವಳ ಮೇಲೆ ಸಿಟ್ಟು ಬರಲಿ ಎಂದು ಕಾದ, ಬರಲಿಲ್ಲ. ನಾಚಿಕೆಯೂ ಅಲ್ಲ. ನಾಚಿಕೆಗೆ ಒಂದು ಅಂಚಾದರೂ ಇರುತ್ತದೆ, ಅಲ್ಲಿಗೆ ಮುಗಿಯುತ್ತದೆ.

ಚಪ್ಪಲಿಯನ್ನು ಮತ್ತೆ ಕೈಯಲ್ಲಿ ಹಿಡಿದು ಹೊರಬಿದ್ದ. ಸಿಂಧನೂರಿನ ಬಸ್ಸಿನಲ್ಲಿ ಜಾಗ ಸಿಗದೆ ನಿಂತೇ ಹೋದ. ನಿಂತ ಬರ್ತಾರ ಎಂಬುದು ಅವಳಿಗೆ ಹೇಗೆ ಗೊತ್ತು? ತುರ್ವಿಹಾಳದಲ್ಲಿ ಅವನು ನಿಂತೇ ನೀರು ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಹೊರಡುತ್ತಿದ್ದ; ಯಾರೂ ಕೂಡ್ರಿ ಅನ್ನಲಿಲ್ಲ ಎಂಬುದು ತನಗೊಬ್ಬನಿಗೆ ಗೊತ್ತೆಂದು ತಿಳಿದಿದ್ದ. ಅವಳು ಅಡಿಗೆಮನೆಯಿಂದ ನೋಡಿರಬೇಕು. ಕಾಲುವೆಯ ಕಡೆ ಬಂದಂತೆ ಹೊರಗೆ ಕೊಯ್ದ ಗದ್ದೆಗಳು, ಬಂಡಿಗಳು, ಹೊಸ ಹೆಂಚಿನ ಮನೆಗಳು. ಬಸ್ಸಿನ ಜನ ಒಬ್ಬರಿಗೊಬ್ಬರು ಒರಗಿ ಬೆವರುತ್ತ, ಭತ್ತದ ಮಾತಾಡುತ್ತ ನಿಂತಿದ್ದರು. ಆ ವಾಕ್ಯವನ್ನು ಅವನು ಬರೆದುಕೊಂಡಿರಲಿಲ್ಲ, ಬರೆದುಕೊಳ್ಳುವ ಅಗತ್ಯ ಇರಲಿಲ್ಲ. ಅಚ್ಚಿನಲ್ಲಿ ಹೇಗೆ ಕಾಣಬಹುದು ಅದು? ಕೆಳಗೆ ಊರಿನ ಹೆಸರು ಇರುತ್ತದೆ, ಸಂಗ್ರಹಿಸಿದವರ ಹೆಸರು ಇರುತ್ತದೆ. ಧಾರವಾಡದಲ್ಲಿ, ಮೈಸೂರಿನಲ್ಲಿ, ಎಲ್ಲೋ ಒಬ್ಬ ಮಾಸ್ತರ ಅದನ್ನು ಓದಿ, ಪಾಪ, ಅನ್ನುತ್ತಾನೆ.

ವೆಂಕೋಬರಾಯರು ಬಂಗಲೆಯ ಪಡಸಾಲೆಯಲ್ಲಿ ಪೆಟ್ಟಿಗೆ ಕಟ್ಟಿಸುತ್ತ, ಬಾಳೆಹಣ್ಣು ತಿನ್ನುತ್ತ ನಿಂತಿದ್ದರು. ‘ಬಂದಿರಾ? ಸಿಕ್ಕಿತೇ?’

‘ಇಲ್ಲ ಸರ್.’

‘ಒಂದೂ?’

‘ಒಂದೂ ಇಲ್ಲ ಸರ್. ಬಹಳ ಪ್ರಯತ್ನ ಮಾಡಿದೆ. ಯಂತ್ರ ಹೇಳಿದ್ದೇ ಸರಿ.’ ಅವನು ಕಾಗದ ಬಿಚ್ಚಿ, ಆ ಸಾಲಿನ ಎದುರಿಗೆ, ಹುಡುಗರಿಗೆ ಮೇಲ್ಪಂಕ್ತಿ ಹಾಕಿಕೊಡುವ ದುಂಡಕ್ಷರದಲ್ಲಿ ‘ಸರಿ’ ಎಂದು ಬರೆದು ಸಹಿ ಮಾಡಿದ. ಬಿಸಿಲು. ಇರಲಿ. ಜನ ಓಡಿಹೋಗುವಂಥದ್ದು, ತಲೆ ಮೇಲೆ ಬಟ್ಟೆ ಹಾಕಿಕೊಳ್ಳುವಂಥದ್ದು. ಇಡೀ ನಾಡಿಗೆ ಹಾಗೆಂದೇ ಗೊತ್ತಾಗಲಿ.

ಡಾಕ್ಟರು ಸಿಪ್ಪೆಯನ್ನು ಕಿಟಕಿಯಾಚೆ ಎಸೆದು ಅವನ ಬೆನ್ನು ತಟ್ಟಿದರು. ‘ನೋಡಿ ಮಾಸ್ತರೇ, ಮನುಷ್ಯರು ಒಬ್ಬರನ್ನೊಬ್ಬರು ಮೋಸಗೊಳಿಸಬಹುದು. ಯಂತ್ರದ ಮುಂದೆ ಯಾರೂ ನಾಟಕ ಆಡಲಾರರು. ಅದಕ್ಕೇ ಅದು ತಪ್ಪುವುದಿಲ್ಲ.’

‘ಹೌದು ಸರ್’ ಎಂದ ಮೈಲಾರಲಿಂಗಪ್ಪ. ಇಷ್ಟು ಓದಿದ ಮನುಷ್ಯ ಇಷ್ಟು ದಡ್ಡನಾಗಿರಬಹುದೆಂದು ಅವನಿಗೆ ಮೊದಲ ಸಲ ಖಾತ್ರಿಯಾಯಿತು. ಅದರಿಂದ ಏನೂ ಸುಖವಾಗಲಿಲ್ಲ.

ಮಸ್ಕಿಯಲ್ಲಿ ಇಳಿದಾಗ ದೀಪ ಹಚ್ಚುವುದಕ್ಕೆ ಇನ್ನೂ ಹೊತ್ತಿತ್ತು. ಚಪ್ಪಲಿ ಎಳೆಯುತ್ತ ಓಣಿಯಲ್ಲಿ ಬಂದ. ಹಿತ್ತಲಲ್ಲಿದ್ದ ಎರಡು ದನಿಗಳಲ್ಲಿ ಒಂದು ನಿಂತಿತು, ಬಳೆಗಳ ಸಪ್ಪಳ ಒಳಗೆ ಓಡಿಬಂತು. ಗಿರಿಯಮ್ಮ ಸೆರಗು ಸರಿಮಾಡಿಕೊಂಡು, ಚೆಂಬಿನಲ್ಲಿ ನೀರು ಹಿಡಿದು, ಕಣ್ಣು ನೆಲಕ್ಕೆ ಹಾಕಿ ನಿಂತಳು. ಎಷ್ಟು ಚೆನ್ನಾಗಿ ಮಾಡುತ್ತಾಳೆ! ಭುಜ ಒಂದಿಷ್ಟು ಒಳಗೆ, ಉಸಿರು ಒಂದಿಷ್ಟು ಮೇಲೆ. ಕೈಯ ಮೇಲೆ ಪಾತ್ರೆ ತಿಕ್ಕಿದ ಬೂದಿಯ ಗೆರೆ ಇನ್ನೂ ಇತ್ತು. ಏನಾದರೂ ಹೇಳಬೇಕು, ಮದುವೆಯಾದಾಗಿನಿಂದ ಹೇಳದೇ ಉಳಿದದ್ದರಲ್ಲಿ ಯಾವುದಾದರೂ ಒಂದು. ಜಗುಲಿಯ ಮೇಲೆ ಮೆಲ್ಲಗೆ ಕೂತು, ಅವಳ ಕೈಯಿಂದ ಚೆಂಬನ್ನು ಮೆಲ್ಲಗೆ ತೆಗೆದುಕೊಂಡ.

‘ಬ್ಯಾಸಗಿ ಭಾಳಾಗೇತಿ’ ಎಂದ, ತನಗೇ ಪರಿಚಯವಿಲ್ಲದ ಒಂದು ದನಿಯಲ್ಲಿ. ‘ನೀನೂ ದಣದಿ. ತುರ್ವಿಹಾಳಕ್ಕ ಹೋಗಿ ನಾಕ್ ದಿನ ಇದ್ದು ಬಾ. ನನ್ನ ಚಿಂತಿ ಮಾಡಬ್ಯಾಡ.’

ಗಿರಿಯಮ್ಮ ತಲೆ ಎತ್ತಿ ಅವನ ಮುಖ ನೋಡಿದಳು. ಎಷ್ಟೋ ವರ್ಷಕ್ಕೆ ನೇರ ನೋಡಿದಳು. ಅವಳ ತುಟಿಯ ಬಣ್ಣ ಹೋಗುವುದು ಅವನಿಗೆ ಕಂಡಿತು.

‘ಏನಾತ್ರೀ?’ ಎಂದಳು. ದನಿ ಬರಲಿಲ್ಲ, ಮತ್ತೊಮ್ಮೆ ಅಂದಳು. ‘ಏನಾತು? ಲಿಂಗಸೂರಾಗ ಯಾರೇನಂದ್ರು? ನೌಕರಿಗೇನರ... ಮೈಯಾಗ ಏನರ ತ್ರಾಸ ಐತೇನ್ರೀ? ಹೇಳ್ರಿ. ನನ್ನ ಮುಂದ ಮುಚ್ಚಬ್ಯಾಡ್ರಿ.’ ಅವಳ ಬೆರಳುಗಳು ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿದ್ದವು. ಭುಜ ಒಳಗೆ ಹೋಗಿರಲಿಲ್ಲ, ಉಸಿರು ಮೇಲೆ ಬಂದಿರಲಿಲ್ಲ, ತಲೆ ತಗ್ಗಲಿಲ್ಲ. ದಿನವೂ ಮಾಡುತ್ತಿದ್ದುದರ ಹಾಗೆ ಒಂದೂ ಇರಲಿಲ್ಲ. ಹೆದರಿಕೆ ಎಂದರೆ ಇದು ಎಂದು ಮೈಲಾರಲಿಂಗಪ್ಪನಿಗೆ ತಿಳಿಯಿತು. ಇಷ್ಟು ವರ್ಷದ ಮೇಲೆ ತಾನು ಅವಳನ್ನು ಈಗ, ನಾಲ್ಕು ಮೆತ್ತನೆಯ ಮಾತಿನಲ್ಲಿ, ನಿಜವಾಗಿ ಹೆದರಿಸಿಬಿಟ್ಟಿದ್ದ. ಅದನ್ನು ಇನ್ನೊಂದು ಗಳಿಗೆಯೂ ನೋಡಲಾಗಲಿಲ್ಲ.

ಚೆಂಬನ್ನು ನೆಲಕ್ಕೆ ಕುಕ್ಕಿದ. ‘ಏನ್ ಗುಡ್ಡದ ಕಲ್ಲಿನಂಗ ಬಾಯಿ ನೋಡ್ಕೋಂತ ನಿಂತಿ? ದಣಿದು ಬಂದಾರ, ಚಾ ಮಾಡಿ ಕೊಡಬೇಕು ಅಂತ ತಿಳಿಯಂಗಿಲ್ಲ? ನಾ ಸತ್ತ ಮ್ಯಾಲ ಮಾಡ್ತಿಯೇನು?’ ನಡುವೆ ಒಂದು ಕಡೆ ದನಿ ಒಡೆಯಿತು, ಕೆಮ್ಮಿ ಅದನ್ನು ಮುಚ್ಚಿಕೊಂಡ.

ಅವಳ ಮುಖಕ್ಕೆ ಜೀವ ತಿರುಗಿ ಬಂತು. ಬೆರಳು ಚೌಕಟ್ಟನ್ನು ಬಿಟ್ಟವು. ‘ಚಾ ತಂದೆ ರೀ, ತಂದೆ’ ಎನ್ನುತ್ತ, ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡು, ಭುಜಗಳನ್ನು ಒಳಗೆಳೆದುಕೊಂಡು ಅವಳು ಅಡಿಗೆಮನೆಗೆ ಓಡಿದಳು. ಗೋಡೆಯಾಚೆ ಮಕ್ತುಂಬೀಗೂ ಕೇಳಿಸಲಿ ಎಂದು ಅವನು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಒದರಿದ.